ಉದುರುವ ಕೂದಲು, ಟೆಸ್ಟೋಸ್ಟೆರಾನ್ ಮತ್ತು ಒಂದು ಬಯೋಟಿನ್ ಡಬ್ಬಿ: ದಾವಣಗೆರೆಯ ಒಂದು ಪ್ರಕರಣ

ನಾನು ವೈದ್ಯನಲ್ಲ, ಔಷಧ ಅಂಗಡಿ ನಡೆಸುವ ಫಾರ್ಮಸಿಸ್ಟ್. ದಾವಣಗೆರೆಯ ಹದಡಿ ರಸ್ತೆಗೆ ತಾಗಿದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಚೀಟಿ ಓದಿ ಮದ್ದು ಕೊಡುತ್ತ ಬಂದಿರುವ ನನಗೆ ಕೂದಲು ಉದುರುತ್ತದೆ ಎಂದು ಬರುವವರು ಹೊಸಬರಲ್ಲ. ಬೋರ್‌ವೆಲ್ ನೀರನ್ನು ಬೈಯುವವರು, ಹೆಲ್ಮೆಟ್ಟನ್ನು ಬೈಯುವವರು, ಹೊಸ ಶಾಂಪೂವನ್ನು ಬೈಯುವವರು ವಾರಕ್ಕೆ ನಾಲ್ಕು ಮಂದಿಯಾದರೂ ಬರುತ್ತಾರೆ. ಆದರೆ ಇಲ್ಲಿ ದಾಖಲಿಸುತ್ತಿರುವ ಪ್ರಕರಣದಲ್ಲಿ ಕೂದಲು ಉದುರಿದ್ದಕ್ಕಿಂತ ಅದನ್ನು ನಿಲ್ಲಿಸಲು ನಾವೆಲ್ಲ ಮಾಡಿದ ಪ್ರಯತ್ನವೇ ಹೆಚ್ಚು ತೊಂದರೆ ಕೊಟ್ಟಿತು, ಮತ್ತು ಆ ತೊಂದರೆಯ ಮೊದಲ ಎಳೆ ಹೊರಟಿದ್ದು ನನ್ನ ಅಂಗಡಿಯ ಕಪಾಟಿನಿಂದಲೇ. ಸಂಬಂಧಪಟ್ಟ ಯುವಕ ಇದನ್ನು ಓದಿ, ಎರಡು ಕಡೆ ತಿದ್ದಿ, ಒಪ್ಪಿಗೆ ಕೊಟ್ಟ ಮೇಲೆಯೇ ಪ್ರಕಟಿಸುತ್ತಿದ್ದೇನೆ. ಅವನ ಹೆಸರು, ಹಳ್ಳಿಯ ಹೆಸರು, ಕೆಲಸ ಮಾಡುವ ಅಂಗಡಿಯ ಹೆಸರುಗಳನ್ನು ಬಿಟ್ಟಿದ್ದೇನೆ.

ವ್ಯಕ್ತಿ ಮತ್ತು ಚಿಕಿತ್ಸೆ

ಜಗಳೂರು ತಾಲ್ಲೂಕಿನ ಹಳ್ಳಿಯೊಂದರವನಾದ ಈತನಿಗೆ 2022ರಲ್ಲಿ 26 ವರ್ಷ. ನಿಟುವಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಬುದ್ಧಿ ತಿಳಿದಾಗಿನಿಂದ ತಾನು ಗಂಡು ಎಂದೇ ಬಾಳಿದ ಟ್ರಾನ್ಸ್ ಪುರುಷ. ಉಚ್ಚಂಗಿದುರ್ಗದ ಜಾತ್ರೆ ಕಂಡ ನಮ್ಮ ಸೀಮೆಯವರಿಗೆ ಜೋಗತಿಯರು ಗೊತ್ತು, ಮಂಗಳಮುಖಿಯರು ಗೊತ್ತು; ಹೆಣ್ಣೆಂದು ಬೆಳೆಸಿದ ಮಗು ಗಂಡಾಗಿ ನಿಲ್ಲುವುದಕ್ಕೆ ಮಾತ್ರ ಊರಿನ ಬಾಯಲ್ಲಿ ಒಂದು ಪದವೂ ಇಲ್ಲ. ಪದವಿಲ್ಲದ ಕಡೆ ಪ್ರಶ್ನೆಯೂ ಏಳುವುದಿಲ್ಲ, ಹಾಗಾಗಿ ಬಟ್ಟೆ ಅಂಗಡಿಯಲ್ಲಿ ಅವನನ್ನು ಸುಮ್ಮನೆ ಗಂಡೆಂದೇ ಎಲ್ಲರೂ ತಿಳಿದಿದ್ದರು.

ಆಪ್ತಸಮಾಲೋಚನೆ ಮುಗಿಸಿ, ಬೆಂಗಳೂರಿನ ಹಾರ್ಮೋನ್ ತಜ್ಞರ ಸಲಹೆಯಂತೆ 2021ರ ಜನವರಿಯಲ್ಲಿ ಆತ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಆರಂಭಿಸಿದ್ದ. ನಾಲ್ಕು ಬಗೆಯ ಟೆಸ್ಟೋಸ್ಟೆರಾನ್ ಎಸ್ಟರುಗಳನ್ನು ಎಣ್ಣೆಯಲ್ಲಿ ಬೆರೆಸಿದ 250 ಮಿಲಿಗ್ರಾಂನ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ ಸ್ನಾಯುವಿಗೆ. ಆ ಎಣ್ಣೆ ಶೇಂಗಾ ಎಣ್ಣೆ. ಎಣ್ಣೆ ಗಿರಣಿಗಳ ಚಳ್ಳಕೆರೆ ಪಕ್ಕದಲ್ಲೇ ಇರುವ ನಮ್ಮಲ್ಲಿ ಶೇಂಗಾ ಒಗ್ಗದವರು ಅಪರೂಪವಾದರೂ, ಮೊದಲ ಚೀಟಿ ತಂದ ದಿನ ಕೇಳಿಯೇ ಕೊಟ್ಟಿದ್ದೆ. ಕೇಳಬೇಕಾದ್ದನ್ನು ಕೇಳುವ ರೂಢಿ ನನಗಿತ್ತು ಎಂದು ತೋರಿಸಲು ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಅದೇ ರೂಢಿ ಕೈಕೊಟ್ಟಿತು.

ನಾಲ್ಕನೆಯ ತಿಂಗಳಲ್ಲಿ ಮುಟ್ಟು ನಿಂತಿತು. ಅದೇ ವರ್ಷ ದನಿ ಒಡೆದು ದಪ್ಪವಾಯಿತು, ವರ್ಷ ತುಂಬುವ ಹೊತ್ತಿಗೆ ಮೀಸೆಯ ಜಾಗದಲ್ಲಿ ತೆಳ್ಳಗೆ ಕಪ್ಪು ಕಾಣಿಸಿಕೊಂಡಿತು. ಎಲ್ಲವೂ ವೈದ್ಯರು ಹೇಳಿದ ಕ್ರಮದಲ್ಲೇ ನಡೆದಿತ್ತು. ಅದೇ ವೈದ್ಯರು ಮೊದಲ ಭೇಟಿಯಲ್ಲೇ, ಮನೆತನದಲ್ಲಿ ಬೊಕ್ಕತಲೆಯಿದ್ದರೆ ತಲೆಗೂದಲೂ ಉದುರಬಹುದು ಎಂದು ಹೇಳಿ ಸಹಿ ಹಾಕಿಸಿಕೊಂಡಿದ್ದರಂತೆ. ಸಹಿ ಹಾಕುವಾಗ ಅದು ಅವನಿಗೆ ದೂರದ ಮಾತು.

ಮೊದಲು ಗಮನಿಸಿದವನು ಕ್ಷೌರದಂಗಡಿಯವನು. 2022ರ ಜೂನ್ ತಿಂಗಳಲ್ಲಿ ಕತ್ತರಿ ಆಡಿಸುತ್ತ, 'ಏನಣ್ಣಾ, ಹಣೆ ಎರಡೂ ಕಡೆ ಮ್ಯಾಲಕ್ಕ ಹೊಂಟೈತಲ್ಲ' ಎಂದನಂತೆ. ಆ ಸಂಜೆಯೇ ಯುವಕ ನನ್ನ ಅಂಗಡಿಗೆ ಬಂದ.

ಹಣೆ ಏರುವುದು ಒಂದು, ಬೋಳಾಗುವುದು ಇನ್ನೊಂದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆ ಸಂಜೆ ನಾನು ನಿಲ್ಲಲಿಲ್ಲ. ಕೂದಲು ಉದುರುತ್ತದೆ ಎಂಬ ಒಂದೇ ದೂರಿನ ಕೆಳಗೆ, ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವವನಲ್ಲಿ, ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳು ಅಡಗಿರಬಹುದು, ಮತ್ತು ಮೂರಕ್ಕೂ ಮದ್ದು ಒಂದೇ ಅಲ್ಲ.

ಮೊದಲನೆಯದು ಮದ್ದೇ ಬೇಡದ್ದು. ಹುಡುಗಿಯರ ಮತ್ತು ಚಿಕ್ಕ ಹುಡುಗರ ಹಣೆಯ ಮೇಲಿನ ಕೂದಲಂಚು ದುಂಡಗಿರುತ್ತದೆ. ಹರೆಯ ದಾಟಿದ ಗಂಡಸರಲ್ಲಿ ಅದು ಎರಡೂ ಮೂಲೆಗಳಲ್ಲಿ ಸ್ವಲ್ಪ ಹಿಂದೆ ಸರಿದು ಗಂಡು ಹಣೆಯ ಆಕಾರ ಪಡೆಯುತ್ತದೆ. ಟ್ರಾನ್ಸ್ ಪುರುಷನಿಗೆ ಇದು ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ, ಒಂದೆರಡು ವರ್ಷಗಳ ಅವಧಿಯಲ್ಲಿ ನಡೆಯುವುದರಿಂದ ಬೋಳಾಗುತ್ತಿದ್ದೇನೆ ಎಂಬ ಭಯ ಹುಟ್ಟಿಸುತ್ತದೆ. ನಿಜದಲ್ಲಿ ಅದು ದನಿ ಒಡೆಯುವುದರ ಒಡಹುಟ್ಟು.

ಎರಡನೆಯದು ತಾತ್ಕಾಲಿಕ ಉದುರುವಿಕೆ. ತಲೆಯ ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಕೆಲವು ವಾರ ನಿಂತು, ಮೂರು ತಿಂಗಳಷ್ಟು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಸುಮಾರು ಒಂದು ಲಕ್ಷ ಕೂದಲುಗಳಲ್ಲಿ ದಿನಕ್ಕೆ 50ರಿಂದ 100 ಹೀಗೆ ಹೋಗುವುದು ಸಹಜ. ಜೋರು ಜ್ವರ, ಶಸ್ತ್ರಚಿಕಿತ್ಸೆ, ಉಪವಾಸ, ಹೆರಿಗೆಯಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳ ದೊಡ್ಡ ಗುಂಪೊಂದು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತದೆ. ಎರಡು ಮೂರು ತಿಂಗಳ ಮೇಲೆ ಅವೆಲ್ಲ ಕೈತುಂಬ ಕೈತುಂಬ ಬರುತ್ತವೆ. ಜ್ವರ ಮರೆತೇ ಹೋದ ಮೇಲೆ ಕೂದಲು ಉದುರುವುದರಿಂದ ನಡುವಿನ ಕೊಂಡಿ ಯಾರಿಗೂ ಕಾಣುವುದಿಲ್ಲ. ಬುಡ ಸಾಯುವುದಿಲ್ಲವಾದ್ದರಿಂದ ಇದು ತಾನಾಗಿ ನಿಲ್ಲುತ್ತದೆ.

ಮೂರನೆಯದು ನಾವು ಬೊಕ್ಕತಲೆ ಎನ್ನುವುದು. ಟೆಸ್ಟೋಸ್ಟೆರಾನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನಾಗಿ ಬದಲಿಸುತ್ತದೆ. ಹುಟ್ಟಿನಿಂದಲೇ ಅದಕ್ಕೆ ಬಾಗುವ ಗುಣವಿರುವ ಕೂದಲಬುಡಗಳು, ಮುಖ್ಯವಾಗಿ ಹಣೆಯ ಮೂಲೆಗಳು ಮತ್ತು ನೆತ್ತಿಯಲ್ಲಿನವು, ಡಿಎಚ್‌ಟಿಯ ಪ್ರಭಾವದಲ್ಲಿ ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತ, ದಪ್ಪ ಕೂದಲಿನ ಜಾಗದಲ್ಲಿ ನವಿರು ರೋಮವನ್ನು ಬಿಡುತ್ತವೆ. ವಿಚಿತ್ರವೆಂದರೆ ಅದೇ ಡಿಎಚ್‌ಟಿ ಗಲ್ಲದಲ್ಲಿ ನವಿರು ರೋಮವನ್ನು ದಪ್ಪ ಗಡ್ಡವಾಗಿಸುತ್ತದೆ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದ್ದೂ ಇದನ್ನೇ: ಹರೆಯಕ್ಕೆ ಮೊದಲು ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ, ಆದರೆ ಟೆಸ್ಟೋಸ್ಟೆರಾನ್ ಕೊಟ್ಟರೆ ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಅದು ಬರುತ್ತದೆ, ಇಲ್ಲದವರಿಗೆ ಬರುವುದಿಲ್ಲ. 1974ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಆ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಕುಟುಂಬಗಳ ವಿವರ ಪ್ರಕಟವಾಯಿತು. ಅಲ್ಲಿನ ಆ ಗಂಡಸರಿಗೆ ಬೊಕ್ಕತಲೆಯಿಲ್ಲ, ಗಡ್ಡವೂ ವಿರಳ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆಯ ಯೋಚನೆ ಹುಟ್ಟಿದ್ದೇ ಆ ಜಾಡಿನಲ್ಲಿ.

ಈ ಮೂರರಲ್ಲಿ ಯಾವುದು ಎಂದು ನಿರ್ಧರಿಸುವ ಮೊದಲು ಯಾವ ಡಬ್ಬಿಯನ್ನೂ ಕಪಾಟಿನಿಂದ ಇಳಿಸಬಾರದು. ನಾನು ಇಳಿಸಿದೆ.

ನನ್ನ ತಪ್ಪು, ಮತ್ತು ಅದರ ಬೆನ್ನು ಹತ್ತಿದ ಡೆಂಗಿ

ಅಂದು ಅಂಗಡಿಯಲ್ಲಿ ನೂಕುನುಗ್ಗಲು. 'ಕೂದ್ಲಿಗೆ ಏನರ ಕೊಡ್ರಿ ಸರ್' ಎಂದ. ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ನಿನ 10 ಮಿಲಿಗ್ರಾಂ ಮಾತ್ರೆಯ ಡಬ್ಬಿ ಕೊಟ್ಟೆ. ಚೀಟಿ ಬೇಡದ, ಎಲ್ಲರೂ ಕೊಳ್ಳುವ, ಕೊಟ್ಟರೆ ಕೆಡುಕಿಲ್ಲ ಎಂದು ನಾವು ಅಂಗಡಿಯವರು ನಂಬಿಕೊಂಡಿರುವ ಮಾತ್ರೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವ ಬಯೋಟಿನ್ 30 ಮೈಕ್ರೋಗ್ರಾಂ. ಆ ಮಾತ್ರೆಯಲ್ಲಿ ಅದರ ಮುನ್ನೂರು ಪಟ್ಟಿಗೂ ಮಿಕ್ಕಿ ಇರುತ್ತದೆ. ಬಯೋಟಿನ್ ಕೊರತೆಯಿಲ್ಲದವನ ತಲೆಯಲ್ಲಿ ಅದು ಕೂದಲು ಬೆಳೆಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅಷ್ಟು ಗೊತ್ತಿದ್ದೂ ಕೊಟ್ಟೆ.

ಆಗಸ್ಟ್ ಕೊನೆಯಲ್ಲಿ ಅವನಿಗೆ ಡೆಂಗಿ ಬಂತು. ಆರು ದಿನ ಜ್ವರ, ಪ್ಲೇಟ್‌ಲೆಟ್ ಇಳಿದು ಮೂರು ದಿನ ಆಸ್ಪತ್ರೆ. ನವೆಂಬರ್ ಮೊದಲ ವಾರದಲ್ಲಿ ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ, ಬಟ್ಟೆ ಅಂಗಡಿಯ ಲೆಕ್ಕದ ಪುಸ್ತಕದ ಮೇಲೆ ಕೂದಲು. ಜ್ವರವನ್ನು ಅವನೂ ನೆನೆಯಲಿಲ್ಲ, ನಾನೂ ಕೇಳಲಿಲ್ಲ. ಇದು ಟೆಸ್ಟೋಸ್ಟೆರಾನಿನ ಕಾಟವೇ ಎಂದು ನಿಶ್ಚಯಿಸಿಕೊಂಡು ಬಯೋಟಿನನ್ನು ತಾನೇ ದಿನಕ್ಕೆ ಎರಡು ಮಾಡಿಕೊಂಡ.

ಬೆಂಗಳೂರಿಗೆ ಹೋಗಲು ರಜೆ ಸಿಗದೆ ಊರಿನಲ್ಲೇ ಒಬ್ಬ ವೈದ್ಯರನ್ನು ಕಂಡ. ಅವರು ರಕ್ತಪರೀಕ್ಷೆ ಬರೆದರು. ಇಂಜೆಕ್ಷನ್ ಚುಚ್ಚಿಸಿಕೊಂಡ ಎರಡನೆಯ ದಿನ, ಬೆಳಗಿನ ಬಯೋಟಿನ್ ನುಂಗಿ ಎರಡು ಗಂಟೆಗೆ ರಕ್ತ ಕೊಟ್ಟ. ವರದಿಯಲ್ಲಿ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 1,500 ನ್ಯಾನೊಗ್ರಾಂಗಿಂತ ಹೆಚ್ಚು, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಮಿತಿಗಿಂತ ಕೆಳಗೆ 0.2, ಥೈರಾಯ್ಡ್ ಹಾರ್ಮೋನ್ ಮಿತಿ ಮೀರಿ ಮೇಲೆ. ಚೀಟಿಯಲ್ಲಿದ್ದ ಹಳೆಯ ದಾಖಲೆಯಂತೆ ಲ್ಯಾಬಿನವರು ಲಿಂಗದ ಕಲಮಿನಲ್ಲಿ ಹೆಣ್ಣು ಎಂದು ಹಾಕಿದ್ದರಿಂದ ಟೆಸ್ಟೋಸ್ಟೆರಾನಿನ ಪಕ್ಕದಲ್ಲಿ ಹೆಂಗಸರ ಮಿತಿ ಅಚ್ಚಾಗಿ, ಇಪ್ಪತ್ತು ಪಟ್ಟು ಹೆಚ್ಚಾದಂತೆ ದಪ್ಪ ಅಕ್ಷರದಲ್ಲಿ ಎದ್ದು ಕಾಣುತ್ತಿತ್ತು. ವೈದ್ಯರು ತಮ್ಮ ಮುಂದಿದ್ದ ಕಾಗದದ ಪ್ರಕಾರ ಸರಿಯಾಗಿಯೇ ಯೋಚಿಸಿದರು: ಹಾರ್ಮೋನ್ ಹೆಚ್ಚಾಗಿದೆ, ಅದಕ್ಕೇ ಕೂದಲು ಹೋಗುತ್ತಿದೆ, ಇಂಜೆಕ್ಷನ್ ಮೂರರ ಬದಲು ಆರು ವಾರಕ್ಕೊಮ್ಮೆ ಆಗಲಿ, ಥೈರಾಯ್ಡನ್ನು ಎರಡು ತಿಂಗಳ ಮೇಲೆ ಮತ್ತೆ ನೋಡೋಣ.

ಜನವರಿ ಕೊನೆಯ ಹೊತ್ತಿಗೆ ಉದುರುವುದು ನಿಂತಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸುವ ತಿರುವು ಇದೇ. ಡೆಂಗಿಯಿಂದ ಶುರುವಾದ ಉದುರುವಿಕೆ ತನ್ನ ಮೂರು ತಿಂಗಳ ಲೆಕ್ಕ ಮುಗಿಸಿ ತಾನಾಗಿ ನಿಂತಿತ್ತು; ಆದರೆ ಇಂಜೆಕ್ಷನ್ ಕಡಿಮೆ ಮಾಡಿದ ಬೆನ್ನಿಗೇ ನಿಂತಿದ್ದರಿಂದ, ಕಡಿಮೆ ಮಾಡಿದ್ದೇ ಗುಣ ಕೊಟ್ಟಿತೆಂದು ಅವನೂ, ವೈದ್ಯರೂ, ನಾನೂ ಒಪ್ಪಿಕೊಂಡೆವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಹಣೆಯ ಮೂಲೆಗಳು ಮಾತ್ರ ಹಾಗೆಯೇ ಇದ್ದವು, ಅವನ್ನು ಆ ಖುಷಿಯಲ್ಲಿ ಯಾರೂ ನೋಡಲಿಲ್ಲ.

ಫೆಬ್ರವರಿಯಲ್ಲಿ ಮುಟ್ಟು ಮರಳಿತು. ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ನಿಂತಿದ್ದ ಮುಟ್ಟು. ಅವನು ಮೂರು ದಿನ ಕೆಲಸಕ್ಕೆ ಹೋಗದೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದನೆಂದು ಆಮೇಲೆ ತಿಳಿಯಿತು. ಕೂದಲು ಹೋದರೆ ಗಂಡಸಿನ ತಲೆ ಬೋಳಾಗುತ್ತದೆ ಅಷ್ಟೆ, ಇದು ಹಾಗಲ್ಲ. ಕೂದಲಿಗಾಗಿ ಟೆಸ್ಟೋಸ್ಟೆರಾನ್ ಕಡಿತ ಮಾಡುವ ಮಾತಾಡುವವರು ಈ ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ಎರಡು ವರದಿಗಳ ನಡುವಿನ ಜಗಳ

ಅದೇ ತಿಂಗಳ ಮೂರನೆಯ ವಾರ ಅವನು ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯ ಚೀಟಿ ಹಿಡಿದು ಬಂದ. ಎರಡನೆಯ ಪರೀಕ್ಷೆಯಲ್ಲೂ ಟಿಎಸ್‌ಎಚ್ ಕೆಳಗೇ ಇದ್ದುದರಿಂದ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ತೀರ್ಮಾನವಾಗಿತ್ತು. ಅಂಗಡಿ ಖಾಲಿಯಿತ್ತು, ವರದಿ ಕೇಳಿ ನೋಡಿದೆ. ಟೆಸ್ಟೋಸ್ಟೆರಾನ್ 1,100. ಇಂಜೆಕ್ಷನ್ ಆಗಿ ಐದು ವಾರ ಕಳೆದಿತ್ತು, ಮುಟ್ಟು ಮರಳಿತ್ತು, ಆದರೂ 1,100. ಇದು ಕೂಡುವ ಲೆಕ್ಕವಲ್ಲ. ತೂಕ ಇಳಿದಿದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ, ಕೈ ನಡುಗುತ್ತದೆಯೇ ಎಂದು ಕೇಳಿದೆ; ಯಾವುದೂ ಇಲ್ಲ.

'ಕೂದ್ಲಿನ ಗುಳಿಗೆ ಇನ್ನೂ ತಗೊಳ್ತೀಯೇನೋ ತಮ್ಮಾ?'

'ದಿನಾ ಎರಡು ಸರ್. ನೀವೇ ಕೊಟ್ಟಿದ್ದಲ್ಲ.'

ಹಾರ್ಮೋನ್ ಪರೀಕ್ಷೆ ಮಾಡುವ ಅನೇಕ ಯಂತ್ರಗಳು ಬಯೋಟಿನ್ ಮತ್ತು ಸ್ಟ್ರೆಪ್ಟವಿಡಿನ್ ಎಂಬ ಎರಡು ವಸ್ತುಗಳ ಗಟ್ಟಿ ಹಿಡಿತವನ್ನೇ ಕೊಕ್ಕೆಯಾಗಿ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿಕೊಂಡಿದ್ದರೆ ಕೊಕ್ಕೆಗಳೆಲ್ಲ ಅದರಿಂದ ಭರ್ತಿಯಾಗಿ, ಟೆಸ್ಟೋಸ್ಟೆರಾನ್ ಮತ್ತು ಥೈರಾಯ್ಡ್ ಹಾರ್ಮೋನಿನ ಅಂಕಿ ಸುಳ್ಳೇ ಮೇಲೇರುತ್ತದೆ, ಟಿಎಸ್‌ಎಚ್ ಸುಳ್ಳೇ ಕೆಳಗಿಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ನಾನು ಅದನ್ನು ಓದಿದ್ದೆ, ಓದಿ ಮರೆತಿದ್ದೆ. ಅಂದರೆ ಅವನ ಥೈರಾಯ್ಡ್ ಕಾಯಿಲೆ ನನ್ನ ಡಬ್ಬಿಯೊಳಗೆ ಹುಟ್ಟಿದ್ದು.

ಮಾತ್ರೆ ಕೊಡದೆ ವೈದ್ಯರಿಗೆ ಫೋನು ಮಾಡಿದೆ. ಫಾರ್ಮಸಿಸ್ಟ್ ಫೋನು ಮಾಡಿ ರೋಗನಿರ್ಣಯದ ಬಗ್ಗೆ ಮಾತಾಡುವುದನ್ನು ಸಹಿಸುವ ವೈದ್ಯರು ಹೆಚ್ಚಿಲ್ಲ. ಇವರು ಪೂರ್ತಿ ಕೇಳಿ, ಬಯೋಟಿನ್ ಬಿಡಿಸಿ ಐದು ದಿನ ಕಾದು ಮತ್ತೆ ರಕ್ತ ತೆಗೆಸಿ ಎಂದರು. ಈ ಬಾರಿ ಟಿಎಸ್‌ಎಚ್ 2.4, ಥೈರಾಯ್ಡ್ ಹಾರ್ಮೋನ್ ಮಿತಿಯೊಳಗೆ, ಟೆಸ್ಟೋಸ್ಟೆರಾನ್ 210. ಕಡಿತ ಮಾಡಬೇಕಾದ ಅಂಕಿಯಲ್ಲ, ಕೊರತೆಯ ಅಂಕಿ.

ಆ ವರದಿಯಲ್ಲೇ ಇನ್ನೊಂದು ಸಂಗತಿ ಅಡಗಿತ್ತು. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 16. ಹೆಂಗಸರ ಕನಿಷ್ಠ ಮಿತಿ 13 ಎಂದು ಅಚ್ಚಾಗಿದ್ದರಿಂದ ಅದರ ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ. ಅದೇ ಲ್ಯಾಬಿನ ಗಂಡಸರ ಕನಿಷ್ಠ ಮಿತಿ 30. ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣಗಳ ತಯಾರಿಕೆಯನ್ನು ಚುರುಕುಗೊಳಿಸುವುದರಿಂದ ಹಿಮೋಗ್ಲೋಬಿನ್ 15ರ ಆಸುಪಾಸಿನಲ್ಲಿ ಸೊಗಸಾಗಿ ಕಾಣುತ್ತಿತ್ತು, ಕೆಳಗೆ ಕಣಜ ಮಾತ್ರ ಬರಿದಾಗಿತ್ತು. ಕಡಿಮೆ ಫೆರಿಟಿನ್ ಕೂದಲಿಗೆ ಎಷ್ಟು ಹೊಣೆ ಎಂಬುದರಲ್ಲಿ ಚರ್ಮವೈದ್ಯರೇ ಒಮ್ಮತದಲ್ಲಿಲ್ಲ, ಆದರೂ ಬರಿದಾದ ಕಣಜ ತುಂಬಿಸುವುದರಲ್ಲಿ ಜಗಳವಿಲ್ಲ. ಮೂರು ತಿಂಗಳು ಕಬ್ಬಿಣದ ಮಾತ್ರೆ ನಡೆಯಿತು.

ಇಂಜೆಕ್ಷನ್ ಮತ್ತೆ ಮೂರು ವಾರಕ್ಕೆ ಬಂತು. ಅಲ್ಲಿಂದ ಮುಂದೆ ರಕ್ತ ತೆಗೆಸುವುದು ಎರಡು ಇಂಜೆಕ್ಷನ್‌ಗಳ ನಡುವಿನ ದಿನ, ಬಯೋಟಿನ್ ಇರುವ ಯಾವುದನ್ನೂ ಮುಟ್ಟದೆ. ನಡುವಿನ ಅಂಕಿ 400ರಿಂದ 700ರೊಳಗಿರಬೇಕೆಂಬುದು ಬೆಂಗಳೂರಿನ ತಜ್ಞರ ಗುರಿ, ರಕ್ತದಲ್ಲಿ ಕೆಂಪು ಕಣಗಳ ಪಾಲು ತೋರಿಸುವ ಹೆಮಟೊಕ್ರಿಟ್ ಶೇ. 54 ದಾಟದಂತೆಯೂ ಕಾಯುತ್ತಾರೆ, ಏಕೆಂದರೆ ರಕ್ತ ಮಂದವಾದರೆ ಹೆಪ್ಪುಗಟ್ಟುವ ಅಪಾಯವಿದೆ. ಮುಟ್ಟು ಏಪ್ರಿಲ್‌ನಲ್ಲಿ ಮತ್ತೆ ನಿಂತಿತು.

ಸೋದರಮಾವನ ತಲೆ

ಗೊಂದಲವೆಲ್ಲ ತಿಳಿಯಾದ ಮೇಲೆ ಉಳಿದದ್ದು ಮೊದಲ ದಿನದ ಪ್ರಶ್ನೆಯೇ. 2023ರ ಮಾರ್ಚ್ ಮೊದಲ ವಾರ ಅವನು ಚರ್ಮವೈದ್ಯರನ್ನು ಕಂಡ. ಅವರು ಭೂತಗನ್ನಡಿಯಂಥ ಡರ್ಮೋಸ್ಕೋಪ್ ಹಿಡಿದು ನೆತ್ತಿ, ಹಣೆ, ಹಿಂದಲೆ ಮೂರನ್ನೂ ಹೋಲಿಸಿದರು. ಹಿಂದಲೆಯ ಕೂದಲುಗಳೆಲ್ಲ ಒಂದೇ ದಪ್ಪ. ಹಣೆಯ ಮೂಲೆಗಳಲ್ಲಿ ಮತ್ತು ನೆತ್ತಿಯಲ್ಲಿ ದಪ್ಪ, ಸಣ್ಣ, ನವಿರು ಎಲ್ಲ ಬೆರೆತಿದ್ದವು. ಹಾಗೆ ಬೆರೆತಿರುವುದೇ ಬುಡಗಳು ಕಿರಿದಾಗುತ್ತಿರುವ ಗುರುತು. ಬೊಕ್ಕತಲೆಯ ಹಂತ ಗುರುತಿಸುವ ಹ್ಯಾಮಿಲ್ಟನ್-ನಾರ್ವುಡ್ ಅಳತೆಯಲ್ಲಿ ಎರಡನೆಯ ಹಂತ ದಾಟಿ ಮೂರರತ್ತ ಎಂದು ಬರೆದರು. ಹಣೆ ಏರಿದ್ದರಲ್ಲಿ ಒಂದು ಪಾಲು ಗಂಡು ಹಣೆಯ ಸಹಜ ಆಕಾರ, ನವೆಂಬರಿನದು ಡೆಂಗಿಯ ಉದುರುವಿಕೆ, ನೆತ್ತಿಯದು ನಿಜವಾದ ಬೊಕ್ಕತಲೆಯ ಆರಂಭ: ಒಬ್ಬನ ತಲೆಯಲ್ಲಿ ಮೂರೂ ಇದ್ದವು.

ಮನೆತನದಲ್ಲಿ ಯಾರಿಗಿದೆ ಎಂದು ಅವರು ಕೇಳಿದ್ದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು, ತಾಯಿಯೊಡನೆ ಎರಡು ವರ್ಷಗಳಿಂದ ಮಾತು ಊಟವಾಯಿತೇ ಎಂಬುದರಾಚೆಗೆ ಹೋಗಿರಲಿಲ್ಲ. ಆಕೆ ಅವನನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಮಾರ್ಚ್ 22ರ ಯುಗಾದಿಗೆ ಊರಿಗೆ ಹೋದಾಗ, ಹಬ್ಬದ ಎಣ್ಣೆನೀರಿಗೆಂದು ತಾಯಿ ನೆತ್ತಿಗೆ ಹರಳೆಣ್ಣೆ ತಟ್ಟುತ್ತ ಬೆರಳು ನಿಲ್ಲಿಸಿ, 'ನಿಮ್ಮ ಸೋದರಮಾವಂದೇ ತಲೆ ಬಂದೈತಲ್ಲೋ ನಿನಗ' ಎಂದರಂತೆ. ಮಾವ ಮೂವತ್ತೈದಕ್ಕೇ ಬೋಳಾದವರು. ಚರ್ಮವೈದ್ಯರಿಗೆ ಬೇಕಾದ ಮಾಹಿತಿ ಸಿಕ್ಕಿತು. ಅವನು ಮಾತ್ರ ಅದನ್ನು ನನಗೆ ಹೇಳುವಾಗ ಮಾವನ ಮೇಲೆ ಒತ್ತು ಕೊಡಲಿಲ್ಲ. 'ಲ್ಲೇ ಅನ್ನಲಿಲ್ಲ ಸರ್, ಲ್ಲೋ ಅಂದಳು' ಎಂದ.

ತಾಯಿಯ ಕಡೆಯಿಂದಲೇ ಬೊಕ್ಕತಲೆ ಬರುತ್ತದೆಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಟೆಸ್ಟೋಸ್ಟೆರಾನ್ ಮತ್ತು ಡಿಎಚ್‌ಟಿಯನ್ನು ಗುರುತಿಸುವ ಗ್ರಾಹಿಯ ಜೀನ್, ಹುಟ್ಟುಗಂಡಿಗೆ ತಾಯಿಯಿಂದಲೇ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಆದರೆ ಬೇರೆ ಹಲವು ಜೀನುಗಳೂ ಸೇರಿಕೊಳ್ಳುವುದರಿಂದ ಎರಡೂ ಮನೆತನಗಳನ್ನು ಕೇಳಬೇಕು.

ಗಡ್ಡವೋ, ತಲೆಯೋ

ಮೊದಲು ಶುರುವಾದದ್ದು ತಲೆಗೆ ಹಚ್ಚುವ ಮದ್ದು: ಮಿನಾಕ್ಸಿಡಿಲ್ ಶೇ. 5ರ ದ್ರಾವಣ ಬೆಳಿಗ್ಗೆ ಮತ್ತು ರಾತ್ರಿ ತಲಾ ಒಂದು ಮಿ.ಲೀ.; ತಿಂಗಳಿಗೆ 60 ಮಿ.ಲೀ.ನ ಒಂದು ಬಾಟಲಿ ಸರಿಯಾಗಿ ಮುಗಿಯುತ್ತದೆ. ಮೊದಲು ರಕ್ತದೊತ್ತಡದ ಮಾತ್ರೆಯಾಗಿ ಬಂದು, ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದರಿಂದ ತಲೆಯ ಮದ್ದಾಗಿ ಬದಲಾದದ್ದು ಇದು. ಡಿಎಚ್‌ಟಿಯ ಗೊಡವೆಗೆ ಹೋಗುವುದಿಲ್ಲವಾದ್ದರಿಂದ ಟೆಸ್ಟೋಸ್ಟೆರಾನ್ ತರುವ ಬದಲಾವಣೆಗಳಿಗೆ ಅಡ್ಡಿಯಿಲ್ಲ. ಹೆಂಗಸರಿಗೆ ಕೊಡುವಾಗ, ಮುಖಕ್ಕೆ ಇಳಿದರೆ ಅಲ್ಲಿಯೂ ರೋಮ ಬಂದೀತು ಎಂದು ಎಚ್ಚರಿಸುತ್ತೇನೆ. ಅದೇ ಮಾತು ಇವನಿಗೆ ಹೇಳಿದಾಗ ಕಣ್ಣರಳಿಸಿ, 'ಹಂಗಾದ್ರ ಗಲ್ಲಕ್ಕೂ ಹಚ್ಚಲೇನು?' ಎಂದ. ಅದು ಅಧಿಕೃತ ಬಳಕೆಯಲ್ಲ, ವೈದ್ಯರನ್ನೇ ಕೇಳು ಎಂದೆ.

ಅವನ ಕೋಣೆಯಲ್ಲಿ ಒಂದು ಬೆಕ್ಕಿತ್ತು. ಮಿನಾಕ್ಸಿಡಿಲ್ ಬೆಕ್ಕಿಗೆ ಸ್ವಲ್ಪ ನೆಕ್ಕಿದರೂ ವಿಷ. ಹಚ್ಚಿ ಒಣಗುವವರೆಗೆ ಅದನ್ನು ಹೊರಗಿಡಬೇಕು, ದಿಂಬಿನ ಮೇಲೆ ಮಲಗಿಸಬಾರದು. ಇದನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಮೂರನೆಯ ವಾರ ಅವನು ಗಾಬರಿಯಿಂದ ಬಂದ, ಉದುರುವುದು ಜಾಸ್ತಿಯಾಗಿತ್ತು. ಮಲಗಿದ್ದ ಬುಡಗಳು ಎಚ್ಚೆತ್ತು ಹಳೆಯ ಕೂದಲನ್ನು ತಳ್ಳುವುದರಿಂದ ಮೊದಲ ಎರಡು ತಿಂಗಳೊಳಗೆ ಹೀಗಾಗುವುದುಂಟು. ಬಹಳ ಮಂದಿ ಬಾಟಲಿ ಎಸೆಯುವುದು ಇಲ್ಲಿಯೇ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಪ್ರತಿ ತಿಂಗಳ ಮೊದಲ ತಾರೀಖು ಒಂದೇ ಕಿಟಕಿಯ ಬೆಳಕಿನಲ್ಲಿ, ಒಣಗಿದ ತಲೆಯ ಫೋಟೊ ತೆಗೆಯಲು ಹೇಳಿದೆ. ದಿನಾ ಕನ್ನಡಿ ನೋಡುವವನಿಗೆ ತನ್ನ ತಲೆಯ ಸತ್ಯ ಎಂದೂ ಗೊತ್ತಾಗುವುದಿಲ್ಲ.

ಅವನಿಗೆ ನಿಜವಾಗಿ ಬೇಕಿದ್ದುದು ಫಿನಾಸ್ಟರೈಡ್. ದಿನಕ್ಕೆ 1 ಮಿಲಿಗ್ರಾಂ ನುಂಗಿದರೆ ರಕ್ತದ ಡಿಎಚ್‌ಟಿ ಶೇ. 70ರಷ್ಟು ಇಳಿಯುತ್ತದೆ, ಟೆಸ್ಟೋಸ್ಟೆರಾನ್ ಇಳಿಯುವುದಿಲ್ಲ. ಹಾಗಾಗಿ ಕೂದಲಿಗಾಗಿ ಹಾರ್ಮೋನನ್ನೇ ಕಡಿತ ಮಾಡುವುದಕ್ಕಿಂತ ಇದು ಎಷ್ಟೋ ಹೊಂದುವ ದಾರಿ. ಆದರೆ ಗಡ್ಡ, ಮೈರೋಮ, ಜನನಾಂಗದ ಬೆಳವಣಿಗೆ ಕೂಡ ಡಿಎಚ್‌ಟಿಯ ಕೈಯಲ್ಲಿವೆ. ಗಡ್ಡ ತುಂಬಿಕೊಳ್ಳಲು ಟೆಸ್ಟೋಸ್ಟೆರಾನ್ ಶುರುವಾಗಿ ನಾಲ್ಕೈದು ವರ್ಷ ಹಿಡಿಯುವುದುಂಟು, ಇವನಿಗೆ ಆಗಿದ್ದುದು ಎರಡು ವರ್ಷ. ಚರ್ಮವೈದ್ಯರು ಮತ್ತು ಹಾರ್ಮೋನ್ ತಜ್ಞರು ಇಬ್ಬರೂ ಒಂದೇ ಮಾತು ಹೇಳಿದರು: ಬೇಡವೆನ್ನುವುದಿಲ್ಲ, ಗಡ್ಡ ಎಷ್ಟು ಮುಖ್ಯವೆಂದು ನೀನೇ ಯೋಚಿಸಿ ಬಾ. ಎರಡು ವಾರದ ಮೇಲೆ ಬಂದು, 'ಟೊಪ್ಪಿಗೆ ಹಾಕ್ಕಂಡು ತಿರುಗಬಹುದು ಸರ್, ಗಡ್ಡ ಅಂಟಿಸ್ಕಂಡು ತಿರುಗಕ್ಕಾಗಲ್ಲ' ಎಂದ. ಇನ್ನೊಬ್ಬನಿಗೆ ಗಡ್ಡ ಬೇಡವಾಗಿ ತಲೆಯೇ ಮುಖ್ಯವಾಗಿದ್ದರೆ ಇದೇ ಲೆಕ್ಕ ತಿರುವುಮುರುವಾಗುತ್ತಿತ್ತು, ಅದೂ ತಪ್ಪಾಗುತ್ತಿರಲಿಲ್ಲ.

2024ರ ಆಗಸ್ಟ್ ಹೊತ್ತಿಗೆ ಗಡ್ಡ ಕೆನ್ನೆಯವರೆಗೆ ಹತ್ತಿತ್ತು. ಆಗ ಫಿನಾಸ್ಟರೈಡ್ ಆರಂಭವಾಯಿತು. ಕೊಡುವ ಮೊದಲು ಮೂರು ಮಾತು ಹೇಳಿದೆ. ಗರ್ಭಕೋಶ ಇರುವವರಲ್ಲಿ ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ, ಮುಟ್ಟು ನಿಂತಿದ್ದರೂ ಬಸಿರಾಗುವ ಸಾಧ್ಯತೆಯಿದೆ, ಮತ್ತು ಫಿನಾಸ್ಟರೈಡ್ ಗಂಡು ಭ್ರೂಣದ ಜನನಾಂಗದ ಬೆಳವಣಿಗೆ ಕೆಡಿಸುತ್ತದೆ. ತನಗೆ ಆ ಪ್ರಸಂಗವಿಲ್ಲ ಎಂದ. ಆದರೆ ಬಸುರಿ ಅಕ್ಕ ಬಾಣಂತನಕ್ಕೆಂದು ಊರಿಗೆ ಬರುವವಳಿದ್ದಳು, ಚೂರಾದ ಮಾತ್ರೆಯ ಪುಡಿ ಬಸುರಿಯ ಕೈಗೆ ತಾಗಬಾರದು, ಅದಕ್ಕೇ 5 ಮಿಲಿಗ್ರಾಂ ಮಾತ್ರೆ ತಂದು ಮನೆಯಲ್ಲಿ ನಾಲ್ಕು ಚೂರು ಮಾಡುವ ಅಗ್ಗದ ಉಪಾಯ ಬೇಡ, ಮೇಲ್ಪದರವಿರುವ ಇಡೀ 1 ಮಿಲಿಗ್ರಾಂ ಮಾತ್ರೆಯನ್ನೇ ತೆಗೆದುಕೋ ಎಂದೆ. ಎರಡನೆಯದು, ಮಾತ್ರೆ ಬಿಟ್ಟು ಒಂದು ತಿಂಗಳಾಗುವವರೆಗೆ ರಕ್ತದಾನ ಮಾಡುವಂತಿಲ್ಲ. ಮೂರನೆಯದು ಮನಸ್ಸಿನದು. ಹಾರ್ಮೋನ್ ಶುರುವಾಗುವ ಮೊದಲು ಅವನು ಖಿನ್ನತೆಯಲ್ಲಿ ಬಹಳ ಬೆಂದಿದ್ದ, ಫಿನಾಸ್ಟರೈಡ್ ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸಮಿತಿ ಆತ್ಮಹತ್ಯೆಯ ಆಲೋಚನೆಯನ್ನು ಈ ಮಾತ್ರೆಯ ಅಡ್ಡಪರಿಣಾಮವೆಂದು ದೃಢಪಡಿಸಿದಾಗ ಅದನ್ನೂ ಅವನಿಗೆ ಓದಿ ಹೇಳಿದೆ. ಆಪ್ತಸಮಾಲೋಚಕರ ಭೇಟಿಯನ್ನು ಅವನು ಬಿಟ್ಟಿಲ್ಲ.

ನಡುವೆ ಡ್ಯುಟಾಸ್ಟರೈಡ್ ಕೇಳಿದ್ದ. ಅದು ಕಿಣ್ವದ ಎರಡೂ ಬಗೆಗಳನ್ನು ತಡೆದು ಡಿಎಚ್‌ಟಿಯನ್ನು ಶೇ. 90ಕ್ಕೂ ಹೆಚ್ಚು ಇಳಿಸುತ್ತದೆ, ಬಿಟ್ಟ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ. ಒಗ್ಗದಿದ್ದರೆ ಬೇಗ ಹೊರಬರಲಾಗದ ಮದ್ದಿನಿಂದ ಶುರುಮಾಡುವುದು ಬೇಡವೆಂದು ಚರ್ಮವೈದ್ಯರು ತಡೆದರು. ಕೂದಲು ಕಸಿಯ ಮಾತು ಅವನೇ ಎತ್ತಿ, ಖರ್ಚು ಕೇಳಿ ಅವನೇ ಇಳಿಸಿದ.

ಈಗಿನ ಸ್ಥಿತಿ

2025ರ ಕೊನೆಯಲ್ಲಿ ಇದನ್ನು ಬರೆಯುವಾಗ ಅವನ ಫೋನಿನಲ್ಲಿ ಮೂವತ್ತಕ್ಕೂ ಹೆಚ್ಚು ಫೋಟೊಗಳಿವೆ. ನೆತ್ತಿ ದಟ್ಟವಾಗಿದೆ, 2023ರ ಮಾರ್ಚಿನದಕ್ಕೆ ಹೋಲಿಸಿದರೆ ಕಣ್ಣಿಗೆ ಕಾಣುವಷ್ಟು. ಹಣೆಯ ಮೂಲೆಗಳು ಮರಳಿಲ್ಲ, ಮರಳುವ ನಿರೀಕ್ಷೆಯೂ ಈಗ ಅವನಿಗಿಲ್ಲ. ಮುಟ್ಟು ಮತ್ತೆ ಕಾಣಿಸಿಲ್ಲ, ಗಡ್ಡ ತೆಳುವಾಗಿಲ್ಲ. ಮಿನಾಕ್ಸಿಡಿಲ್ ರಾತ್ರಿಯದನ್ನು ತಪ್ಪಿಸುವುದುಂಟು ಎಂದು ಬಾಟಲಿ ಕೊಳ್ಳುವ ಲೆಕ್ಕದಿಂದ ನನಗೆ ತಿಳಿಯುತ್ತದೆ, ಕೇಳಿದರೆ ನಗುತ್ತಾನೆ.

ನನ್ನ ಅಂಗಡಿಯಲ್ಲಿ ಬಯೋಟಿನ್ ಡಬ್ಬಿ ಈಗಲೂ ಇದೆ, ಕೇಳುವವರಿದ್ದಾರೆ. ಪ್ರತಿ ಡಬ್ಬಿಯ ಮೇಲೆ, ರಕ್ತಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಿ ಎಂದು ಕೈಬರಹದ ಚೀಟಿ ಅಂಟಿಸುತ್ತೇನೆ. ಹೋದ ವಾರ ಅವನ ಆರು ತಿಂಗಳ ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ಲ್ಯಾಬಿನ ಹುಡುಗ ನನಗೆ ಫೋನು ಮಾಡಿ, ಮಿತಿಗಳನ್ನು ಯಾವ ಕಲಮಿನಿಂದ ಹಾಕಲಿ ಎಂದು ಕೇಳಿದ. ಟೆಸ್ಟೋಸ್ಟೆರಾನ್, ಹಿಮೋಗ್ಲೋಬಿನ್, ಫೆರಿಟಿನ್ ಮೂರಕ್ಕೂ ಗಂಡಸರದು ಎಂದೆ. ಫೆರಿಟಿನ್ 48 ಬಂದಿದೆ.